ಕ್ಯಾಥೊಲಿಕ್ ಶಾಲೆಗಳಲ್ಲಿನ ದೌರ್ಜನ್ಯ: ಸಂತ್ರಸ್ತರ ಸಾಕ್ಷ್ಯ

ರೋಮನ್ ಕ್ಯಾಥೊಲಿಕ್ ಧರ್ಮಸಭೆಯಾಗಲಿ ಅದರ ಸನ್ಯಾಸಿ ಸಂಘಗಳಾಗಲಿ ನಡೆಸುವ ಶಾಲೆ, ವಸತಿಶಾಲೆ, ಅನಾಥಾಲಯಗಳಲ್ಲಿ ಬಾಲ್ಯದಲ್ಲಿ ದೈಹಿಕ, ಮಾನಸಿಕ ಅಥವಾ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು ಅದನ್ನು ಪೊಲೀಸರು, ನ್ಯಾಯಾಲಯ, ತನಿಖಾ ಆಯೋಗ ಅಥವಾ ಸಾರ್ವಜನಿಕರ ಮುಂದೆ ತಾವಾಗಿ ಹೇಳುವುದು ಸಂತ್ರಸ್ತರ ಸಾಕ್ಷ್ಯ. ಕೆನಡಾ, ಐರ್ಲೆಂಡ್, ಅಮೆರಿಕ, ಆಸ್ಟ್ರೇಲಿಯ, ಜರ್ಮನಿಗಳಲ್ಲಿ 1980ರ ದಶಕದ ಕೊನೆಯಿಂದ ಈಚೆಗೆ ಇದು ಸರ್ಕಾರಿ ತನಿಖೆ, ಹೊಸ ಕಾನೂನು, ಪರಿಹಾರ ಯೋಜನೆಗಳಿಗೆ ಕಾರಣವಾಯಿತು. ಭಾರತದಲ್ಲಿ ಇಂಥ ಸಾಕ್ಷ್ಯ ಬಿಡಿಬಿಡಿಯಾಗಿ ಬಂದಿದೆ. ಬಂದಾಗಲೂ ಅದು ಬಹುಮಟ್ಟಿಗೆ ಪೊಲೀಸ್ ಠಾಣೆ ಮತ್ತು ನ್ಯಾಯಾಲಯದ ದಾರಿಯಲ್ಲೇ ನಡೆದಿದೆ.

ವ್ಯಾಪ್ತಿ

ಈ ಲೇಖನದಲ್ಲಿ ‘ಸಂತ್ರಸ್ತರು’ ಎಂದರೆ ದೌರ್ಜನ್ಯವನ್ನು ಸ್ವತಃ ಅನುಭವಿಸಿದವರು. ಅವರಲ್ಲಿ ಈಗಲೂ ಮಕ್ಕಳಾಗಿರುವವರೂ ವಯಸ್ಕರಾದವರೂ ಸೇರುತ್ತಾರೆ. ‘ಆರೋಪ’ ಎಂಬುದನ್ನು ನ್ಯಾಯಾಲಯ ಅಥವಾ ಆಯೋಗ ಇನ್ನೂ ದೃಢಪಡಿಸದ ಸಂಗತಿಗೆ ಮಾತ್ರ ಬಳಸಲಾಗಿದೆ. ಆರೋಪಕ್ಕೆ ಗುರಿಯಾದವರೆಲ್ಲ ಪಾದ್ರಿಗಳಲ್ಲ. ಸನ್ಯಾಸಿ ಸಹೋದರರು, ಧರ್ಮಭಗಿನಿಯರು, ಸಂಬಳಕ್ಕೆ ದುಡಿಯುವ ಸಾಮಾನ್ಯ ಶಿಕ್ಷಕರು, ವಸತಿಗೃಹದ ನೌಕರರು ಕೂಡ ಇದ್ದಾರೆ. ಶಾಲೆ ನಡೆಸುವವರಿಗೆ ವಿಷಯ ಗೊತ್ತಿತ್ತೇ, ಗೊತ್ತಾದ ಮೇಲೆ ಏನು ಮಾಡಿದರು ಎಂಬುದು ಪ್ರತಿಯೊಂದು ತನಿಖೆಯಲ್ಲೂ ಎದ್ದಿರುವ ಎರಡನೆಯ ಪ್ರಶ್ನೆ.

ಉಗಮ

ಸಂತ್ರಸ್ತರು 1990ರ ದಶಕದಲ್ಲಿ ಇದ್ದಕ್ಕಿದ್ದಂತೆ ಮಾತಾಡತೊಡಗಿದರು ಎಂಬ ತಿಳಿವಳಿಕೆ ಸರಿಯಲ್ಲ. ಅದಕ್ಕೂ ದಶಕಗಳ ಮೊದಲೇ ಅನೇಕರು ಹೇಳಿದ್ದರು. ಕೇಳಬೇಕಾದವರು ಕೇಳಲಿಲ್ಲ.

ಐರ್ಲೆಂಡಿನ ಪೀಟರ್ ಟೈರೆಲ್ ಇದಕ್ಕೆ ಸ್ಪಷ್ಟ ಉದಾಹರಣೆ. 1916ರಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದ ಅವರನ್ನು ಎಂಟನೆಯ ವಯಸ್ಸಿನಲ್ಲಿ ಪಶ್ಚಿಮ ಕರಾವಳಿಯ ಲೆಟರ್‌ಫ್ರ್ಯಾಕ್ ಔದ್ಯೋಗಿಕ ಶಾಲೆಗೆ ಕಳಿಸಲಾಯಿತು. ಕ್ರಿಶ್ಚಿಯನ್ ಬ್ರದರ್ಸ್ ಎಂಬ ಸಂಘ ನಡೆಸುತ್ತಿದ್ದ ಆ ಶಾಲೆಯಲ್ಲಿ ಅವರು ಕಂಡುಂಡದ್ದು ದಿನನಿತ್ಯದ ಹೊಡೆತ ಮತ್ತು ಭಯ. ದೊಡ್ಡವರಾದ ಮೇಲೆ ಸೈನ್ಯ ಸೇರಿದರು, ಎರಡನೆಯ ಮಹಾಯುದ್ಧದಲ್ಲಿ ಸೆರೆಯಾಳಾದರು, ಬಳಿಕ ದರ್ಜಿ ಕೆಲಸ ಮಾಡಿಕೊಂಡಿದ್ದರು. 1950ರ ದಶಕದಲ್ಲಿ ಶಾಲೆಯ ವಿಚಾರವನ್ನು ಸಂಬಂಧಪಟ್ಟವರಿಗೆ ಪತ್ರಗಳ ಮೂಲಕ ತಿಳಿಸತೊಡಗಿದರು. ಕಿವಿಗೊಟ್ಟವರಲ್ಲಿ ಮುಖ್ಯರು ಸೆನೆಟರ್ ಓವನ್ ಶೀಹಿ ಸ್ಕೆಫಿಂಗ್ಟನ್. ಅವರ ಪ್ರೋತ್ಸಾಹದಿಂದ ಟೈರೆಲ್ ತಮ್ಮ ಬಾಲ್ಯವನ್ನು ಬರೆದಿಟ್ಟರು. ಅದು ಅಚ್ಚಾಗಲಿಲ್ಲ. 1967ರಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್ ಹೀತ್ ಎಂಬ ಬಯಲಿನಲ್ಲಿ ಅವರು ಮೈಗೆ ಬೆಂಕಿ ಹಚ್ಚಿಕೊಂಡು ಸತ್ತರು. ಪಕ್ಕದಲ್ಲಿ ಸಿಕ್ಕಿದ ಹರಿದ ಅಂಚೆ ಕಾರ್ಡಿನಿಂದ ಗುರುತು ಹತ್ತಲು ಸುಮಾರು ಒಂದು ವರ್ಷ ಹಿಡಿಯಿತು. ಹಸ್ತಪ್ರತಿಯನ್ನು ಸೆನೆಟರರ ಕಾಗದಪತ್ರಗಳ ನಡುವೆ ಗುರುತಿಸಿದ ಇತಿಹಾಸಕಾರ ಡೀರ್ಮುಡ್ ವೀಲನ್ 2006ರಲ್ಲಿ ಅದನ್ನು ಪುಸ್ತಕವಾಗಿ ತಂದರು. ಅಷ್ಟು ಹೊತ್ತಿಗೆ ಐರ್ಲೆಂಡ್ ಸರ್ಕಾರ ಕ್ಷಮೆ ಕೇಳಿಯೇ ಏಳು ವರ್ಷವಾಗಿತ್ತು.

ಅಮೆರಿಕದಲ್ಲಿ ಬಹಿರಂಗವಾಗಿ ಪ್ರತಿಭಟಿಸಿದ ಮೊದಲಿಗರಲ್ಲಿ ಕಿವುಡರಿದ್ದಾರೆ. ವಿಸ್ಕಾನ್ಸಿನ್ ರಾಜ್ಯದ ಸೇಂಟ್ ಜಾನ್ಸ್ ಕಿವುಡರ ಶಾಲೆಯಲ್ಲಿ ಪಾದ್ರಿ ಲಾರೆನ್ಸ್ ಮರ್ಫಿ 1950ರಿಂದ 1974ರವರೆಗೆ ಇದ್ದರು; ಅವರಿಂದ ದೌರ್ಜನ್ಯಕ್ಕೊಳಗಾದ ಹುಡುಗರ ಸಂಖ್ಯೆ 200ರಷ್ಟು ಎಂದು ಅಂದಾಜಿಸಲಾಗಿದೆ. ಆ ಹುಡುಗರಲ್ಲಿ ಅನೇಕರ ತಂದೆತಾಯಿಗೆ ಸನ್ನೆಭಾಷೆ ಬರುತ್ತಿರಲಿಲ್ಲ. ಮನೆಯಲ್ಲಿ ಹೇಳಿಕೊಳ್ಳಲು ಭಾಷೆಯೇ ಇಲ್ಲದಿದ್ದ ಇವರು 1970ರ ದಶಕದಲ್ಲಿ ಪೊಲೀಸರ ಬಳಿ ಹೋದರು, ಮಿಲ್ವಾಕಿಯ ಪ್ರಧಾನ ಇಗರ್ಜಿಯ ಹೊರಗೆ ಕರಪತ್ರ ಹಂಚಿದರು. ಪಾದ್ರಿಯನ್ನು ಬೇರೆ ಊರಿಗೆ ಕಳಿಸಲಾಯಿತು. 1998ರಲ್ಲಿ ಸಾಯುವವರೆಗೂ ಅವರು ಪಾದ್ರಿಯಾಗಿಯೇ ಉಳಿದರು.

ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಮೌಂಟ್ ಕ್ಯಾಶೆಲ್ ಅನಾಥಾಲಯದ ಹುಡುಗರು 1975ರಲ್ಲೇ ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದರು. ಆ ತನಿಖೆ ನಡುವೆಯೇ ನಿಂತಿತು. 1989ರಲ್ಲಿ ಸ್ಯಾಮ್ಯುಯೆಲ್ ಹ್ಯೂಸ್ ಆಯೋಗ ಅದೇ ಮಾತುಗಳನ್ನು ಬಹಿರಂಗ ವಿಚಾರಣೆಯಲ್ಲಿ ಕೇಳಿತು. 1990ರಲ್ಲಿ ಅನಾಥಾಲಯ ಮುಚ್ಚಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮ್ಯಾನಿಟೋಬದ ಮೂಲನಿವಾಸಿ ನಾಯಕ ಫಿಲ್ ಫಾಂಟೇನ್, ಕ್ಯಾಥೊಲಿಕ್ ಸಂಘವೊಂದು ನಡೆಸುತ್ತಿದ್ದ ಫೋರ್ಟ್ ಅಲೆಗ್ಸಾಂಡರ್ ವಸತಿಶಾಲೆಯಲ್ಲಿ ತಮ್ಮ ಮೇಲೆ ನಡೆದದ್ದನ್ನು ರಾಷ್ಟ್ರೀಯ ದೂರದರ್ಶನದಲ್ಲಿ ಹೇಳಿದರು. ಜನ ಆರಿಸಿದ ನಾಯಕರೊಬ್ಬರು ತಮ್ಮದೇ ಬಾಲ್ಯದ ಬಗ್ಗೆ ಹೀಗೆ ಮಾತಾಡಿದ್ದು ಸಾವಿರಾರು ಮೂಲನಿವಾಸಿಗಳಿಗೆ ಬಾಯಿ ಬಿಡಲು ಧೈರ್ಯ ಕೊಟ್ಟಿತು.

ಮೌನದ ಕಟ್ಟೋಣ

ಬಾಲ್ಯದ ದೌರ್ಜನ್ಯವನ್ನು ಹೇಳಲು ಬಹಳ ವರ್ಷ ಬೇಕಾಗುತ್ತದೆ ಎಂಬುದು ಎಲ್ಲ ದೇಶಗಳ ತನಿಖೆಗಳಲ್ಲೂ ಕಂಡ ಸಂಗತಿ. 2013ರಿಂದ 2017ರವರೆಗೆ ನಡೆದ ಆಸ್ಟ್ರೇಲಿಯದ ರಾಯಲ್ ಆಯೋಗ 8,000ಕ್ಕೂ ಹೆಚ್ಚು ಸಂತ್ರಸ್ತರನ್ನು ಒಬ್ಬೊಬ್ಬರನ್ನಾಗಿ ಖಾಸಗಿಯಾಗಿ ಕೇಳಿತು. ಅವರು ಮೊದಲ ಸಲ ಬೇರೆಯವರಿಗೆ ವಿಷಯ ತಿಳಿಸಲು ಹಿಡಿದ ಕಾಲ ಸರಾಸರಿ 23.9 ವರ್ಷ.

ಈ ವಿಳಂಬಕ್ಕೆ ಕಾರಣಗಳು ಹಲವು. ಮಗುವಿಗೆ ನಡೆದದ್ದೇನೆಂದು ಹೇಳುವ ಮಾತುಗಳೇ ಗೊತ್ತಿರುವುದಿಲ್ಲ. ತಪ್ಪು ತನ್ನದೇ ಎಂದು ಅದು ನಂಬಿರುತ್ತದೆ, ಅಥವಾ ಹಾಗೆ ನಂಬಿಸಲಾಗಿರುತ್ತದೆ. ಶಿಕ್ಷಕ ಪಾದ್ರಿಯೂ ಆಗಿದ್ದರೆ ತರಗತಿ, ಪ್ರಾರ್ಥನೆ, ಪಾಪನಿವೇದನೆ ಮೂರೂ ಒಬ್ಬರ ಕೈಯಲ್ಲೇ ಇರುತ್ತವೆ. ವಸತಿಶಾಲೆಯಲ್ಲಿ ಊಟ, ಹಾಸಿಗೆ, ಮನೆಗೆ ಬರೆಯುವ ಪತ್ರ ಕೂಡ ಅವರ ಮೂಲಕವೇ ಸಾಗಬೇಕು. ತಂದೆತಾಯಿ ಭಕ್ತಿಯಿಂದ ನಮಸ್ಕರಿಸುವ ವ್ಯಕ್ತಿಯ ಮೇಲೆ ದೂರು ಹೇಳಿದ ಮಗುವಿಗೆ ಮನೆಯಲ್ಲೇ ಏಟು ಬಿದ್ದ ಸಂಗತಿ ಅನೇಕ ಸಾಕ್ಷ್ಯಗಳಲ್ಲಿದೆ.

ಇದರ ಮೇಲೆ ಆಡಳಿತದ ಪದರವಿದೆ. ದೂರು ಬಂದ ವ್ಯಕ್ತಿಯನ್ನು ಪೊಲೀಸರಿಗೆ ಒಪ್ಪಿಸದೆ ಇನ್ನೊಂದು ಶಾಲೆಗೆ, ಇನ್ನೊಂದು ಧರ್ಮಪ್ರಾಂತ್ಯಕ್ಕೆ, ಕೆಲವೊಮ್ಮೆ ಇನ್ನೊಂದು ಖಂಡಕ್ಕೆ ವರ್ಗ ಮಾಡುವುದು ಈ ಇತಿಹಾಸದ ಅತ್ಯಂತ ಹಾನಿಕರ ಪದ್ಧತಿ. ಇಟಲಿಯ ವೆರೋನಾದ ಪ್ರೊವೊಲೊ ಕಿವುಡರ ಸಂಸ್ಥೆಯ ಹಳೆಯ ವಿದ್ಯಾರ್ಥಿಗಳು 2009ರಲ್ಲಿ ತಮಗಾದದ್ದನ್ನು ಬಹಿರಂಗಪಡಿಸಿ ದೌರ್ಜನ್ಯ ನಡೆಸಿದವರ ಹೆಸರುಗಳನ್ನೂ ಕೊಟ್ಟರು. ಹಾಗೆ ಹೆಸರಿಸಿದವರಲ್ಲಿ ಒಬ್ಬ ಪಾದ್ರಿ ನಿಕೊಲಾ ಕೊರಾಡಿ ಅಷ್ಟರಲ್ಲಾಗಲೇ ಅರ್ಜೆಂಟೀನಾದ ಅದೇ ಸಂಸ್ಥೆಯ ಶಾಲೆಗಳಲ್ಲಿ ದಶಕಗಳಿಂದ ಇದ್ದರು. ಮೆಂಡೋಸಾ ನಗರದ ಶಾಲೆಯಲ್ಲಿ ಅವರ ಬಂಧನವಾದದ್ದು 2016ರ ನವೆಂಬರ್‌ನಲ್ಲಿ. 2019ರಲ್ಲಿ 42 ವರ್ಷಗಳ ಶಿಕ್ಷೆಯಾಯಿತು. ವೆರೋನಾದ ಕಿವುಡರ ಮಾತಿಗೆ ಕೂಡಲೇ ಬೆಲೆ ಸಿಕ್ಕಿದ್ದರೆ ಮೆಂಡೋಸಾದ ಎಷ್ಟೋ ಮಕ್ಕಳು ಪಾರಾಗುತ್ತಿದ್ದರು.

ಸಾಕ್ಷ್ಯದ ಬಗೆಗಳು

ನ್ಯಾಯಾಲಯದ ಹೇಳಿಕೆ ಒಂದು ಬಗೆ ಮಾತ್ರ. ಆರೋಪಿ ಸತ್ತಿದ್ದರೆ, ಕಾಲಮಿತಿ ಮುಗಿದಿದ್ದರೆ, ದಾಖಲೆ ಇಲ್ಲವಾಗಿದ್ದರೆ ನ್ಯಾಯಾಲಯದ ಬಾಗಿಲು ಮುಚ್ಚುತ್ತದೆ. ಆದ್ದರಿಂದ ಬೇರೆ ದಾರಿಗಳು ಹುಟ್ಟಿಕೊಂಡವು.

ಐರ್ಲೆಂಡಿನಲ್ಲಿ ಈ ಕೆಲಸ ಮೊದಲು ಮಾಡಿದ್ದು ದೂರದರ್ಶನ. ಡಬ್ಲಿನ್ನಿನ ಗೋಲ್ಡನ್‌ಬ್ರಿಡ್ಜ್ ಸಂಸ್ಥೆಯಲ್ಲಿ ಬೆಳೆದ ಕ್ರಿಸ್ಟಿನ್ ಬಕ್ಲಿ 1996ರಲ್ಲಿ ತಮ್ಮ ಬಾಲ್ಯದ ಕುರಿತ ಸಾಕ್ಷ್ಯಚಿತ್ರದಲ್ಲಿ ಮುಖ ಮರೆಸಿಕೊಳ್ಳದೆ ಮಾತಾಡಿದರು. 1999ರಲ್ಲಿ ಪತ್ರಕರ್ತೆ ಮೇರಿ ರಾಫ್ಟರಿಯವರ ಮೂರು ಕಂತುಗಳ ಸರಣಿ ಪ್ರಸಾರವಾಯಿತು. ಅದು ಮುಗಿಯುವ ಹೊತ್ತಿಗೆ, ಮೇ 11ರಂದು, ಪ್ರಧಾನಿ ಬರ್ಟಿ ಅಹರ್ನ್ ದೇಶದ ಪರವಾಗಿ ಕ್ಷಮೆ ಕೇಳಿ ತನಿಖಾ ಆಯೋಗವನ್ನು ಘೋಷಿಸಿದರು.

ಆಯೋಗದ ಎದುರಿನ ಸಾಕ್ಷ್ಯ ಇನ್ನೊಂದು ಬಗೆ. ಐರಿಷ್ ಆಯೋಗದ ಗೋಪ್ಯ ಸಮಿತಿ 1,090 ಮಂದಿಯನ್ನು ಕೇಳಿತು. ಅವರು ಹೆಸರಿಸಿದ ಸಂಸ್ಥೆಗಳು 216. ಇಲ್ಲಿ ವಕೀಲರ ಪಾಟಿಸವಾಲು ಇರಲಿಲ್ಲ. ಹೇಳಿದ್ದನ್ನು ಬರೆದುಕೊಳ್ಳುವುದಷ್ಟೇ ಸಮಿತಿಯ ಕೆಲಸವಾಗಿತ್ತು. ಕೆನಡಾದ ಸತ್ಯ ಮತ್ತು ಸಾಮರಸ್ಯ ಆಯೋಗ 6,500ಕ್ಕೂ ಹೆಚ್ಚು ಜನರ ಮಾತು ದಾಖಲಿಸಿ 2015ರಲ್ಲಿ 94 ಶಿಫಾರಸುಗಳನ್ನು ಕೊಟ್ಟಿತು.

ಹಳೆಯ ವಿದ್ಯಾರ್ಥಿಗಳು ಕೂಡಿ ಹೇಳುವುದು ಮತ್ತೊಂದು ಬಗೆ. ಬರ್ಲಿನ್ನಿನ ಕನೀಸಿಯುಸ್ ಕೊಲೆಗ್ ಎಂಬ ಜೆಸ್ವಿಟ್ ಶಾಲೆಯ ಮೂವರು ಹಳೆಯ ವಿದ್ಯಾರ್ಥಿಗಳು 2010ರ ಜನವರಿಯಲ್ಲಿ ಮುಖ್ಯಸ್ಥ ಪಾದ್ರಿ ಕ್ಲಾಸ್ ಮೆರ್ಟೆಸ್ ಅವರನ್ನು ಕಂಡರು. ಮೆರ್ಟೆಸ್ ಅವರ ಮಾತು ನಂಬಿದರು. ಇನ್ನೂ ಯಾರಿಗಾದರೂ ಹೀಗಾಗಿದ್ದರೆ ತಿಳಿಸಿ ಎಂದು ಆ ಕಾಲದ ಸುಮಾರು 600 ವಿದ್ಯಾರ್ಥಿಗಳಿಗೆ ತಾವೇ ಪತ್ರ ಬರೆದರು. ಶಾಲೆಯ ಮುಖ್ಯಸ್ಥರೇ ಹೀಗೆ ಕೇಳಿದ್ದು ಅಪರೂಪದ ಘಟನೆ; ಆ ಪತ್ರ ಪತ್ರಿಕೆಗಳಿಗೆ ಮುಟ್ಟಿದಾಗ ಜರ್ಮನಿಯ ಉದ್ದಗಲಕ್ಕೂ ಹೇಳಿಕೆಗಳು ಬರತೊಡಗಿದವು. ಬಿಷಪ್ಪರ ಪರಿಷತ್ತೇ ನಿಯೋಜಿಸಿದ ಅಧ್ಯಯನ 2018ರಲ್ಲಿ ಹೊರಬಂದಾಗ, 1946ರಿಂದ 2014ರ ನಡುವಿನ ಕಡತಗಳಲ್ಲಿ 3,677 ಮಕ್ಕಳೂ 1,670 ಧರ್ಮಗುರುಗಳೂ ಪತ್ತೆಯಾಗಿದ್ದರು.

ಮಾತಿಲ್ಲದ ಸಾಕ್ಷ್ಯವೂ ಇದೆ. ಆಸ್ಟ್ರೇಲಿಯದ ಬ್ಯಾಲರಾಟ್ ಊರಿನಲ್ಲಿ 2015ರಲ್ಲಿ ಆಯೋಗದ ವಿಚಾರಣೆ ನಡೆಯುತ್ತಿದ್ದಾಗ ಜನರು ಸೇಂಟ್ ಅಲಿಪಿಯಸ್ ಶಾಲೆಯ ಬೇಲಿಗೆ ಬಣ್ಣದ ರಿಬ್ಬನ್ ಕಟ್ಟಿದರು. ಸಂತ್ರಸ್ತರ ಪರವಾಗಿ ನಿಂತಿದ್ದೇವೆ ಎಂದು ಊರವರು ತೋರಿಸುವ ಈ ಪದ್ಧತಿ ಬೇರೆ ದೇಶಗಳಿಗೂ ಹಬ್ಬಿತು.

ಫಲಿತಗಳು

ಐರಿಷ್ ಆಯೋಗದ ವರದಿ ನ್ಯಾಯಮೂರ್ತಿ ಶಾನ್ ರಯನ್ ಅವರ ಅಧ್ಯಕ್ಷತೆಯಲ್ಲಿ 2009ರ ಮೇ 20ರಂದು ಐದು ಸಂಪುಟಗಳಲ್ಲಿ ಹೊರಬಿತ್ತು. ಹುಡುಗರ ಸಂಸ್ಥೆಗಳಲ್ಲಿ ಲೈಂಗಿಕ ದೌರ್ಜನ್ಯ ಬೇರೂರಿತ್ತು, ತಪಾಸಣೆ ಮಾಡಬೇಕಿದ್ದ ಶಿಕ್ಷಣ ಇಲಾಖೆ ಸನ್ಯಾಸಿ ಸಂಘಗಳ ಮುಂದೆ ತಲೆಬಾಗಿತ್ತು ಎಂದು ಅದು ತೀರ್ಮಾನಿಸಿತು. ಆದರೆ ಕ್ರಿಶ್ಚಿಯನ್ ಬ್ರದರ್ಸ್ ಸಂಘ ನ್ಯಾಯಾಲಯಕ್ಕೆ ಹೋಗಿದ್ದರಿಂದ ವರದಿಯಲ್ಲಿ ಆರೋಪಿಗಳ ನಿಜ ಹೆಸರುಗಳನ್ನು ಮುದ್ರಿಸಲಿಲ್ಲ. 2002ರ ಪರಿಹಾರ ಮಂಡಳಿಗೆ 15,000ಕ್ಕೂ ಹೆಚ್ಚು ಜನ ಅರ್ಜಿ ಹಾಕಿದರು. ಹಣ ಪಡೆದವರು ಅದರ ವಿವರವನ್ನು ಬಹಿರಂಗಪಡಿಸಬಾರದೆಂಬ ಷರತ್ತು ಆ ಕಾನೂನಿನಲ್ಲಿತ್ತು. ಬಾಲ್ಯವಿಡೀ ಬಾಯಿ ಮುಚ್ಚಿಸಿಕೊಂಡವರಿಗೆ ಪರಿಹಾರದ ಜತೆ ಮತ್ತೆ ಮೌನವನ್ನೇ ವಿಧಿಸಿದ್ದು ಆ ಯೋಜನೆಯ ಗಂಭೀರ ದೋಷ.

ಐರ್ಲೆಂಡಿನ ಲೂಯಿಸ್ ಓಕೀಫ್ ಒಬ್ಬರೇ ನಡೆಸಿದ ಹೋರಾಟದ ಫಲ ಇಡೀ ಯುರೋಪಿಗೆ ದೊರಕಿತು. 1973ರಲ್ಲಿ ಕಾರ್ಕ್ ಪ್ರಾಂತ್ಯದ ಡಂಡೆರೋ ಶಾಲೆಯ ಮುಖ್ಯ ಶಿಕ್ಷಕ ಅವರ ಮೇಲೆ ದೌರ್ಜನ್ಯ ನಡೆಸಿದಾಗ ಅವರದು ಒಂಬತ್ತರ ವಯಸ್ಸು. 1971ರಲ್ಲೇ ಇನ್ನೊಬ್ಬ ಮಗುವಿನ ಪೋಷಕರು ಶಾಲೆಯ ವ್ಯವಸ್ಥಾಪಕರಾಗಿದ್ದ ಪಾದ್ರಿಗೆ ದೂರಿತ್ತಿದ್ದರು. ಅದು ಸರ್ಕಾರಕ್ಕೆ ಮುಟ್ಟಲಿಲ್ಲ. ಶಾಲೆ ನಮ್ಮದಲ್ಲ, ಚರ್ಚಿನದು ಎಂದು ಸರ್ಕಾರ ವಾದಿಸಿತು. ದೇಶದ ಸುಪ್ರೀಂ ಕೋರ್ಟು ಆ ವಾದ ಒಪ್ಪಿತು. 2014ರ ಜನವರಿ 28ರಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅದನ್ನು ತಳ್ಳಿಹಾಕಿ, ಖಾಸಗಿಯವರ ಕೈಗೆ ಶಿಕ್ಷಣ ಒಪ್ಪಿಸಿದ ಮಾತ್ರಕ್ಕೆ ಮಕ್ಕಳನ್ನು ರಕ್ಷಿಸುವ ಹೊಣೆಯಿಂದ ಸರ್ಕಾರ ಕಳಚಿಕೊಳ್ಳಲಾಗದು ಎಂದಿತು. ಅನುದಾನಿತ ಶಾಲೆಗಳೂ ಹಲವಿರುವ ಕರ್ನಾಟಕದಂಥ ರಾಜ್ಯದಲ್ಲೂ ಈ ತೀರ್ಪನ್ನು ಗಮನವಿಟ್ಟು ಓದಬೇಕು.

ವ್ಯಾಟಿಕನ್ನಿನಲ್ಲಿ ಪೋಪ್ ಫ್ರಾನ್ಸಿಸ್ 2019ರ ಮೇ ತಿಂಗಳಲ್ಲಿ ಹೊರಡಿಸಿದ ಆದೇಶ ಪ್ರತಿ ಧರ್ಮಪ್ರಾಂತ್ಯವೂ ದೂರು ಸ್ವೀಕರಿಸುವ ವ್ಯವಸ್ಥೆ ಹೊಂದಿರಬೇಕೆಂದಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಇಂಥ ಪ್ರಕರಣಗಳ ಮೇಲಿದ್ದ ಧಾರ್ಮಿಕ ಗೋಪ್ಯತೆಯ ಕಟ್ಟು ತೆಗೆಯಲಾಯಿತು. 2022ರ ಜುಲೈನಲ್ಲಿ ಅವರು ಕೆನಡಾಕ್ಕೆ ಹೋಗಿ ಮೂಲನಿವಾಸಿಗಳ ಎದುರು ಕ್ಷಮೆ ಕೇಳಿದರು.

ಭಾರತದಲ್ಲಿ

ಭಾರತದಲ್ಲಿ ಕ್ಯಾಥೊಲಿಕ್ ಶಾಲೆಗಳಿಗೆಂದೇ ನೇಮಿಸಿದ ತನಿಖಾ ಆಯೋಗ ಇದುವರೆಗೆ ಇಲ್ಲ. 2007ರಲ್ಲಿ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಪ್ರಕಟಿಸಿದ ಅಧ್ಯಯನ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿತ್ತು. ಶೇ. 53.22ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಎದುರಿಸಿದ್ದಾಗಿ ಹೇಳಿದರು. ಹೆಚ್ಚಿನವರು ಅದನ್ನು ಯಾರಿಗೂ ತಿಳಿಸಿರಲಿಲ್ಲ. ಈ ಅಂಕಿಯಲ್ಲಿ ಮನೆ, ಬೀದಿ, ಕೆಲಸದ ಜಾಗ, ಎಲ್ಲ ಬಗೆಯ ಶಾಲೆಗಳೂ ಸೇರಿವೆ. ಯಾವುದೇ ಒಂದು ಧರ್ಮದ ಸಂಸ್ಥೆಗಳತ್ತ ಮಾತ್ರ ಬೆರಳು ಮಾಡಲು ಇದು ಆಧಾರವಾಗದು.

ಕರ್ನಾಟಕಕ್ಕೆ ಹತ್ತಿರದ ಎರಡು ಪ್ರಕರಣಗಳು ಕೇರಳದವು. ಕಣ್ಣೂರು ಜಿಲ್ಲೆಯ ಕೊಟ್ಟಿಯೂರಿನಲ್ಲಿ, ಚರ್ಚಿನ ಪಾದ್ರಿಯೂ ಅದರ ಶಾಲೆಯ ವ್ಯವಸ್ಥಾಪಕರೂ ಆಗಿದ್ದ ರಾಬಿನ್ ವಡಕ್ಕುಂಚೇರಿಯ ಬಂಧನ ಬಾಲಕಿಯೊಬ್ಬಳ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪದಲ್ಲಿ 2017ರಲ್ಲಿ ನಡೆಯಿತು. ವಿಚಾರಣೆಯಲ್ಲಿ ಸಂತ್ರಸ್ತೆಯೂ ಕುಟುಂಬದವರೂ ಪ್ರತಿಕೂಲ ಸಾಕ್ಷಿಗಳಾದರು. ನ್ಯಾಯಾಲಯ ಜನನ ದಾಖಲೆ ಮತ್ತು ಡಿಎನ್‌ಎ ವರದಿಯನ್ನು ನೆಚ್ಚಿ 2019ರ ಫೆಬ್ರವರಿಯಲ್ಲಿ 20 ವರ್ಷಗಳ ಶಿಕ್ಷೆ ಕೊಟ್ಟಿತು. 2021ರಲ್ಲಿ ಹೈಕೋರ್ಟು ಅದನ್ನು 10 ವರ್ಷಕ್ಕೆ ಇಳಿಸಿತು. ಸಂತ್ರಸ್ತರಿಗೆ ಮಾತಾಡಲಾಗದ ಒತ್ತಡವಿದ್ದಾಗ ದಾಖಲೆಯೇ ಪ್ರಕರಣವನ್ನು ಹೊತ್ತು ನಡೆಯಬೇಕಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

ಎರಡನೆಯದು 2022ರ ಮೇ ತಿಂಗಳಿನದು. ಮಲಪ್ಪುರಂನ ಕ್ಯಾಥೊಲಿಕ್ ಆಡಳಿತದ ಅನುದಾನಿತ ಹೆಣ್ಣುಮಕ್ಕಳ ಶಾಲೆಯೊಂದರ ಶಿಕ್ಷಕರೊಬ್ಬರು ನಿವೃತ್ತರಾದಾಗ ಹಳೆಯ ವಿದ್ಯಾರ್ಥಿನಿಯೊಬ್ಬರು ಸಾಮಾಜಿಕ ಜಾಲತಾಣದಲ್ಲಿ ಅವರ ಮೇಲೆ ಆರೋಪ ಮಾಡಿದರು. ಬೇರೆ ಬೇರೆ ವರ್ಷಗಳಲ್ಲಿ ಓದಿದ ಇನ್ನೂ ಅನೇಕರು ದನಿಗೂಡಿಸಿದರು. ಹಿಂದೆಯೇ ಶಾಲೆಗೆ ತಿಳಿಸಿದ್ದರೂ ಕ್ರಮ ಆಗಿರಲಿಲ್ಲ ಎಂಬುದು ಅವರ ದೂರು. ಆ ಶಿಕ್ಷಕರು ಪಾದ್ರಿಯಲ್ಲ; ಅವರ ಬಂಧನವೂ ಆಯಿತು.

ಕರ್ನಾಟಕದೊಳಗೆ ಧಾರ್ಮಿಕ ಆಶ್ರಯದ ವಿದ್ಯಾರ್ಥಿ ನಿಲಯವೊಂದರಿಂದ ಬಂದು ಇಡೀ ರಾಜ್ಯದ ಗಮನ ಸೆಳೆದ ದೂರು ಕ್ಯಾಥೊಲಿಕ್ ಶಾಲೆಯದಲ್ಲ, ಚಿತ್ರದುರ್ಗದ ಮುರುಘಾ ಮಠದ್ದು. 2022ರ ಆಗಸ್ಟ್‌ನಲ್ಲಿ ಇಬ್ಬರು ಬಾಲಕಿಯರು ಮೈಸೂರಿನ ಒಡನಾಡಿ ಸೇವಾ ಸಂಸ್ಥೆಯ ನೆರವಿನಿಂದ ಅಲ್ಲಿನ ನಜರ್‌ಬಾದ್ ಠಾಣೆಯಲ್ಲಿ ದೂರಿತ್ತರು. ಸೆಪ್ಟೆಂಬರ್ 1ರಂದು ಪೀಠಾಧಿಪತಿಗಳ ಬಂಧನವಾಯಿತು. 2025ರ ನವೆಂಬರ್‌ನಲ್ಲಿ ಚಿತ್ರದುರ್ಗದ ನ್ಯಾಯಾಲಯ ಈ ಪ್ರಕರಣದಲ್ಲಿ ಅವರನ್ನು ಖುಲಾಸೆಗೊಳಿಸಿತು. ತೀರ್ಪು ಏನೇ ಇದ್ದರೂ, ಮಕ್ಕಳು ದೂರು ಹೇಳಲು ತಾವಿದ್ದ ಜಿಲ್ಲೆಯನ್ನೇ ದಾಟಿ ಹೋದದ್ದು ಆಡಳಿತ ಗಮನಿಸಬೇಕಾದ ಸಂಗತಿ.

ಕಾನೂನು

2012ರ ನವೆಂಬರ್ 14ರಂದು ಜಾರಿಗೆ ಬಂದ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ 18 ವರ್ಷದೊಳಗಿನ ಗಂಡು, ಹೆಣ್ಣು ಮಕ್ಕಳಿಬ್ಬರಿಗೂ ಅನ್ವಯಿಸುತ್ತದೆ. ಶಿಕ್ಷಣ ಸಂಸ್ಥೆ ಅಥವಾ ಧಾರ್ಮಿಕ ಸಂಸ್ಥೆಯ ಆಡಳಿತದವರು, ಸಿಬ್ಬಂದಿ ಅಲ್ಲಿನ ಮಗುವಿನ ಮೇಲೆ ಎಸಗುವ ಕೃತ್ಯವನ್ನು ಅದು ಉಗ್ರ ಸ್ವರೂಪದ ಅಪರಾಧವೆಂದು ಪರಿಗಣಿಸುತ್ತದೆ. 19ನೆಯ ಕಲಂ ಪ್ರಕಾರ ವಿಷಯ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರಾದರೆ ಒಂದು ವರ್ಷದವರೆಗೆ ಸೆರೆ. ಬಿಷಪ್, ಮಠಾಧೀಶ, ಆಡಳಿತ ಮಂಡಳಿಯ ಅಧ್ಯಕ್ಷ ಯಾರಿಗೂ ಇದರಿಂದ ವಿನಾಯಿತಿ ಇಲ್ಲ. ಒಳಗೇ ವಿಚಾರಣೆ ಮಾಡಿ ವರ್ಗ ಮಾಡಿದೆವು ಎಂಬುದು ಸಮಜಾಯಿಷಿ ಆಗದು. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿ, ಸಮವಸ್ತ್ರವಿಲ್ಲದೆ ಪಡೆಯಬೇಕು. ರಾತ್ರಿ ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಮಗುವಿನ ಹೆಸರು, ವಿಳಾಸ, ಶಾಲೆ, ನೆರೆಹೊರೆ ಯಾವುದನ್ನೂ ಪತ್ರಿಕೆಗಳು ಪ್ರಕಟಿಸಬಾರದು.

ವಯಸ್ಕರಾದ ಮೇಲೂ ದೂರು ಕೊಡಬಹುದೆಂದು 2018ರಲ್ಲಿ ಕೇಂದ್ರ ಸರ್ಕಾರ ಸ್ಪಷ್ಟಪಡಿಸಿತು. ಪೋಕ್ಸೊ ಬರುವ ಮೊದಲು ನಡೆದ ಕೃತ್ಯಗಳಿಗೆ ಆ ಕಾಯ್ದೆ ಅನ್ವಯಿಸದು. ಅವನ್ನು ಭಾರತೀಯ ದಂಡಸಂಹಿತೆಯ ಅಂದಿನ ಕಲಂಗಳಡಿ ವಿಚಾರಣೆ ಮಾಡಬೇಕಾಗುತ್ತದೆ.

ಉತ್ತರ ಕನ್ನಡದಲ್ಲಿ ದೂರಿನ ದಾರಿ

ಉತ್ತರ ಕನ್ನಡ ಜಿಲ್ಲೆ 1976ರಲ್ಲಿ ರಚನೆಯಾದ ಕಾರವಾರ ಕ್ಯಾಥೊಲಿಕ್ ಧರ್ಮಪ್ರಾಂತ್ಯಕ್ಕೆ ಸೇರಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಸರ್ಕಾರಿ ಶಾಲೆಗಳ ಜತೆಗೆ ಸ್ಥಳೀಯ ವಿದ್ಯಾಸಂಸ್ಥೆಗಳು, ಮಠಗಳು, ಚರ್ಚಿನ ಸಂಘಗಳು ನಡೆಸುವ ಶಾಲೆಗಳಿವೆ. ಶಾಲೆ ಯಾರದೇ ಆಗಿರಲಿ, ದೂರಿನ ದಾರಿ ಒಂದೇ.

ಶಿರಸಿ ತಾಲ್ಲೂಕಿನ ಭೈರುಂಬೆಯಂಥ ಕಡೆ ಆ ದಾರಿ ಸಲೀಸಲ್ಲ. ಅಡಕೆ ತೋಟಗಳ ನಡುವೆ ಮನೆಗಳು ಚದುರಿಕೊಂಡಿವೆ, ಮಳೆಗಾಲದಲ್ಲಿ ಫೋನು, ಕರೆಂಟು ಎರಡೂ ಕೈಕೊಡುತ್ತವೆ, ಓದಿಗಾಗಿ ಎಷ್ಟೋ ಮಕ್ಕಳು ಪೇಟೆಯ ಹಾಸ್ಟೆಲ್ ಸೇರುತ್ತಾರೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಘಟ್ಟದ ಕೆಳಗಿನ ಕಾರವಾರದಲ್ಲಿದೆ. ಊರಲ್ಲಿ ಎಲ್ಲರಿಗೂ ಎಲ್ಲರ ಪರಿಚಯ. ಮಾಸ್ತರರ ಮೇಲೆ, ಅಯ್ಯನವರ ಮೇಲೆ, ಪಾದ್ರಿಯ ಮೇಲೆ ಮಾತೆತ್ತಿದ ಮನೆಯವರು ನಾಳೆ ಅದೇ ಊರಲ್ಲಿ ಬದುಕಬೇಕು. ಆದ್ದರಿಂದ ಮಗುವಿನ ಕೈಗೆಟುಕುವ ಹತ್ತಿರದ ವ್ಯವಸ್ಥೆಗಳಿಗೇ ಇಲ್ಲಿ ಹೆಚ್ಚು ಬೆಲೆ: ಶಾಲೆಯ ದೂರು ಪೆಟ್ಟಿಗೆ, ಗ್ರಾಮ ಪಂಚಾಯತಿ ನಡೆಸಬೇಕಾದ ಮಕ್ಕಳ ಗ್ರಾಮಸಭೆ, ಪೊಲೀಸ್ ಠಾಣೆಯಲ್ಲಿ ಮಕ್ಕಳಿಗಾಗಿ ಏರ್ಪಡಿಸುವ ‘ತೆರೆದ ಮನೆ’, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು. ಪೆಟ್ಟಿಗೆಯ ಕೀಲಿ ಆರೋಪಿಯ ಕೈಯಲ್ಲೇ ಇದ್ದರೆ ಅದರಿಂದ ಪ್ರಯೋಜನವಿಲ್ಲ. ಪೆಟ್ಟಿಗೆಯನ್ನು ಶಾಲೆಯ ಹೊರಗಿನವರ ಎದುರಿನಲ್ಲಿ ತೆರೆಯಬೇಕು.

ಸದ್ಯದ ಸ್ಥಿತಿ

ಐರ್ಲೆಂಡಿನಲ್ಲಿ ಎರಡನೆಯ ಸುತ್ತಿನ ತನಿಖೆ ನಡೆದಿದೆ. ನ್ಯಾಯಮೂರ್ತಿ ರಯನ್ ಅವರ 2009ರ ವರದಿ ನೋಡಿದ್ದು ಮುಖ್ಯವಾಗಿ ಬಡ ಮಕ್ಕಳ ವಸತಿ ಸಂಸ್ಥೆಗಳನ್ನು. 2022ರ ನವೆಂಬರ್‌ನಲ್ಲಿ ಡಬ್ಲಿನ್ನಿನ ಶ್ರೀಮಂತರ ಬ್ಲ್ಯಾಕ್‌ರಾಕ್ ಶಾಲೆಯ ಹಳೆಯ ವಿದ್ಯಾರ್ಥಿಗಳಾದ ಮಾರ್ಕ್ ಮತ್ತು ಡೇವಿಡ್ ರಯನ್ ಸಹೋದರರು ಆಕಾಶವಾಣಿಯಲ್ಲಿ ಮಾತಾಡಿದರು. ಚಿಕ್ಕವರಿದ್ದಾಗ ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಅದರ ಬೆನ್ನಿಗೆ ನಡೆದ ಸರ್ಕಾರಿ ತನಿಖೆಯ, 2024ರ ಸೆಪ್ಟೆಂಬರ್‌ನಲ್ಲಿ ಬಂದ ಪ್ರಾಥಮಿಕ ವರದಿಯಲ್ಲಿ 308 ಶಾಲೆಗಳಿಗೆ ಸಂಬಂಧಿಸಿದ 2,395 ಆರೋಪಗಳೂ 884 ಆರೋಪಿತರೂ ದಾಖಲಾದರು. 2025ರಲ್ಲಿ ಪೂರ್ಣ ತನಿಖಾ ಆಯೋಗ ರಚನೆಯಾಯಿತು.

ಫ್ರಾನ್ಸಿನ ಪಿರಿನೀಸ್ ತಪ್ಪಲಿನ ಬೆಥರಾಮ್ ಶಾಲೆಯ ಹಳೆಯ ವಿದ್ಯಾರ್ಥಿ ಅಲೆನ್ ಎಸ್ಕೆರ್ 2023ರಲ್ಲಿ ಸಹಪಾಠಿಗಳ ಹೇಳಿಕೆ ಕೂಡಿಸಲು ಆರಂಭಿಸಿದರು. 2025ರ ಹೊತ್ತಿಗೆ ದೂರುಗಳು 200 ದಾಟಿ, ಸಂಸತ್ತಿನ ಸಮಿತಿಯೇ ವಿಚಾರಣೆ ನಡೆಸಿತು. ನ್ಯೂಜಿಲೆಂಡ್ ಪ್ರಧಾನಿ 2024ರ ನವೆಂಬರ್‌ನಲ್ಲಿ ಸರ್ಕಾರಿ ಮತ್ತು ಧಾರ್ಮಿಕ ಪಾಲನಾ ಸಂಸ್ಥೆಗಳ ಸಂತ್ರಸ್ತರ ಕ್ಷಮೆ ಕೇಳಿದರು.

ಭಾರತದಲ್ಲಿ ವಯಸ್ಕ ಸಂತ್ರಸ್ತರ ಮಾತನ್ನು ಪಾಟಿಸವಾಲಿಲ್ಲದೆ, ಹೆಸರು ಗುಟ್ಟಾಗಿಟ್ಟು ದಾಖಲಿಸಿಕೊಳ್ಳುವ ಆಯೋಗ ಇನ್ನೂ ಆಗಬೇಕಿದೆ. ಮಕ್ಕಳಿಗೆ, ಅವರ ಪರವಾಗಿ ಮಾತಾಡುವ ಯಾರಿಗೇ ಆದರೂ, ಮಕ್ಕಳ ಸಹಾಯವಾಣಿ 1098 ದಿನದ 24 ಗಂಟೆಯೂ ಉಚಿತವಾಗಿ ಸಿಗುತ್ತದೆ.